ಒಳಗ ಬಡ್ಯಾಕತ್ತೈತಿ

ಸಪ್ಪಳದ ವಿಷಯದಾಗ ಯಾರರ ದೆವ್ವದ ಕಥಿ ಹೇಳಿದ್ರ ನಂಗ ಮೈ ಉರೀತಿತ್ತು. ರೋಣದಾಗ ನಂದೊಂದು ಗ್ಯಾರೇಜು. "ಮಿಸ್ತ್ರಿ, ಗಾಡಿಯೊಳಗ ಏನೋ ಹೊಕ್ಕೊಂಡೈತ್ರಿ, ನರಳತೈತ್ರಿ" ಅಂತ ಬಂದ ಡ್ರೈವರ್‌ಗಳನ್ನ ನಿಂದರಿಸಿ ಬಯ್ದಾಂವ ನಾ. ನರಳೂದೂ ಇಲ್ಲ ಗಿರಳೂದೂ ಇಲ್ಲ, ಪಂಖಾದ ಬೆಲ್ಟ್ ಸವದೈತಿ, ಬಾಯಿ ಮುಚಗೊಂಡು ಹೊಸಾದು ತೊಗೊಂಡು ಬಾ ಅಂತಿದ್ದೆ. ಸಪ್ಪಳಾ ಅಂದ್ರ ಎಲ್ಲ್ಯೋ ಕಬ್ಬಿಣಕ್ಕ ಕಬ್ಬಿಣ ತಾಗತಿರಬೇಕು, ಇಲ್ಲಾ ಎಲ್ಲ್ಯೋ ಗಾಳಿ ಸೋರತಿರಬೇಕು. ಮೂರನೇದ್ದು ಇಲ್ಲ. ಈ ನಂಬಿಕಿ ಮ್ಯಾಲನ ನನ್ನ ಹೊಟ್ಟಿ ನಡೀತಿತ್ತು.

ಹಂಗಾಗಿ ಈಗ ನಾ ಹೇಳೂದು ಓದಿ ನೀವು ನಕ್ಕರ ನಂಗೇನೂ ಬ್ಯಾಸರ ಇಲ್ಲ. ನಿಮ್ಮ ಜಾಗಾದಾಗ ಕುಂತಿದ್ರ ನಾ ನಿಮಗಿಂತ ಜೋರ ನಗತಿದ್ದೆ. ಆಗಿದ್ದನ್ನ ಆದಂಗ ಬರೀತೀನಿ, ಮುಂದಿಂದು ನಿಮಗ ಬಿಟ್ಟಿದ್ದು.

ಮೊಬೈಲ್ ಫೋನು ಆಗಷ್ಟ ನಮ್ಮ ಕಡೆ ಮಂದಿ ಕಿಸೇಕ ಬರಾಕತ್ತಿದ್ದ ಕಾಲ. ಜೀಪು ನಮ್ಮ ಮಾಮಾಂದು. ಮಾಮಾ ಅಂದ್ರ ನಮ್ಮವ್ವನ ಖಾಸಾ ತಮ್ಮ. ನಮ್ಮ ಗಿರಿಜಕ್ಕನ್ನ ಅವಂಗ ಕೊಟ್ಟಿತ್ತು, ಹಂಗಾಗಿ ಅಕ್ಕನ ಗಂಡನೂ ಅವನ. ಅಸೂಟಿಯೊಳಗ ಮನಿ. ಮುಂಜಾನೆ ಎದ್ದು ಗಜೇಂದ್ರಗಡಕ್ಕ ಹೋಗಿ, ನೇಕಾರರ ಸೀರಿ ಗಂಟು, ಬಸ್ ತಪ್ಪಿಸಿಕೊಂಡ ಮಂದಿ, ಎಲ್ಲಾರನ್ನೂ ತುಂಬಿಕೊಂಡು ರೋಣ, ನರಗುಂದ ಅಂತ ಟ್ರಿಪ್ ಹೊಡೀತಿದ್ದ. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವನ ನಗಿ ಓಣಿ ತುದಿಗೆ ಕೇಳತಿತ್ತು. ಅಪ್ಪ ತೀರಿಕೊಂಡ ಮ್ಯಾಲ ನನ್ನ ಕೈ ಹಿಡಕೊಂಡು ಹುಬ್ಬಳ್ಳಿಗೆ ಒಯ್ದು ಗ್ಯಾರೇಜ್ ಕೆಲಸಕ್ಕ ಹಚ್ಚಿದಾಂವ ಅವನ. ಅವನ ಮ್ಯಾಲ ನಂಗ ಜೀವ ಇತ್ತು, ಅದನ್ನ ಸುತ್ತಿ ಬಳಸಿ ಏನ್ ಹೇಳೂದು.

ಜೀಪು ಆಯಿಲ್ ಕುಡ್ಯಾಕತ್ತಿತ್ತು, ಹಿಂದ ಹೊಗಿ ಉಗಳಾಕತ್ತಿತ್ತು. ಇಂಜಿನ್ ಇಳಿಸಿದೆ. ಬ್ಲಾಕ್ ಗದಗಿನ ಲೇತಿಗೆ ಒಯ್ದು ಬೋರ್ ಮಾಡಿಸಿಕೊಂಡು ಬಂದೆ. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸಾವು. ಮಾಮಾನ ಗಾಡಿ ಅಂತ ಒಂದೊಂದು ಬೋಲ್ಟಿಗೂ ನನ್ನ ಕೈಯಿಂದನ ಪಾನಾ ಹಾಕಿದೆ. ಚಾಲೂ ಮಾಡಿದ್ರ ಏನ್ ಇಂಜಿನ್ ಅಂತೀರಿ! ಮಾಮಾ ಕಾಯಿ ಒಡದು, ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು, ಖುಷೀಲೆ ಹೊಂಟ.

ನಾಕಾರು ದಿನದಾಗ ತಿರುಗಿ ಬಂದ. "ಅಳಿಯಾ, ಒಳಗ ಬಡ್ಯಾಕತ್ತೈತೋ" ಅಂದ.

ನಮ್ಮ ಗ್ಯಾರೇಜಿನ ಮಾತಿನ್ಯಾಗ ಇಂಜಿನ್ ಬಡೀತೈತಿ ಅಂದ್ರ ಬೇರಿಂಗ್ ಹೋಗೈತಿ ಅಂತ, ಇಲ್ಲಾ ಪಿಸ್ಟನ್ ಸಡ್ಲ ಕುಂತೈತಿ ಅಂತ. ಹೊಸದಾಗಿ ಕಟ್ಟಿದ ಇಂಜಿನ್ ಬಡದ್ರ ಮಿಸ್ತ್ರಿಗೆ ಮಾರಿ ತೋರಸಾಕ ಜಾಗಾ ಇರೂದಿಲ್ಲ. ಲಗೂನ ಬಾನೆಟ್ ಎತ್ತಿ ಚಾಲೂ ಮಾಡಿದೆ. ಏನೂ ಇಲ್ಲ. ಯಾವಗಲ್ ಊರಿನ ರಸ್ತಾಕ್ಕ ಹೊಡಕೊಂಡು ಹೋದೆ, ಮಾಮಾ ಬಾಜೂಕ ಕುಂತಿದ್ದ. ಆಗೂ ಏನಿಲ್ಲ.

"ನಾ ಹೊಡ್ಯಾಗಷ್ಟ ಬಡೀತೈತಿ ನೋಡು" ಅಂದ.

"ನಿನ್ನ ತೂಕಕ್ಕ ಅದೂ ತೇಕತಿರಬೇಕು" ಅಂದೆ. ಮಾಮಾ ನಕ್ಕ, ಆದ್ರ ಅವನ ಆ ದೊಡ್ಡ ನಗಿ ಹೊರಗ ಬರಲಿಲ್ಲ.

ಸ್ಟೇರಿಂಗ್ ಅವನ ಕೈಗೆ ಕೊಟ್ಟು ನಾ ಬಾಜೂಕ ಕುಂತೆ. ಜ್ವಾಳದ ಹೊಲ ದಾಟಿ ಸಣ್ಣ ಏರಿ ಹತ್ತಾಗ ನಂಗೂ ಕೇಳಿಸ್ತು. ಧಪ್, ಧಪ್ ಅಂತ ಒಳಗಿಂದ, ಭಾಳ ಆಳದಿಂದ. ಬೇರಿಂಗಿನ ಸಪ್ಪಳಾ ಹಂಗ ಮೆತ್ತಗಿರೂದಿಲ್ಲ. ಮಾಮಾ ನನ್ನ ಮಾರಿ ನೋಡಿದ. "ಕೇಳಿಸ್ತಿಲ್ಲೋ?" ಅಂದ. ಕೇಳಿಸ್ತು ಅಂದೆ. ಅವಂಗ ಸಮಾಧಾನ ಆದಂಗ ಕಾಣಿಸ್ತು, ತಾ ಸುಳ್ಳು ಹೇಳಿಲ್ಲ ಅಂತ.

ಮುಂದ ನಾ ಮಾಡದ ಕೆಲಸ ಇಲ್ಲ. ಟ್ಯಾಪೆಟ್ ನೋಡಿದೆ, ಪಂಪಿನ ಟೈಮಿಂಗ್ ನೋಡಿದೆ. ಮಾಮಾನ ಕೈಲೆ ಚಾಲೂ ಮಾಡಿಸಿ, ಒಂದೊಂದ ಡೀಸೆಲ್ ಪೈಪ್ ಸಡ್ಲ ಮಾಡಿ ಒಂದೊಂದ ಸಿಲಿಂಡರ್ ಬಂದ್ ಮಾಡಿ ಕೇಳಿದೆ. ಯಾವ ಸಿಲಿಂಡರ್ ಬಂದ್ ಮಾಡಿದಾಗ ಬಡಿತ ನಿಲ್ತೈತೋ ತಪ್ಪು ಅದರಾಗ ಇರತೈತಿ. ಇಲ್ಲೆ ಯಾವುದಕ್ಕೂ ನಿಲ್ಲಲಿಲ್ಲ. ಕಡೀಕ ಕೆಳಗಿನ ಚೇಂಬರ್ ಬಿಚ್ಚಿ ಬೇರಿಂಗ್ ಕೈಯಾಗ ಹಿಡದು ನೋಡಿದೆ. ಕನ್ನಡಿಯಂಗ ಇದ್ದುವು. ತಪ್ಪು ಸಿಕ್ಕರ ಬೈಸಿಕೊಂಡು ರಿಪೇರಿ ಮಾಡಬಹುದು, ತಪ್ಪ ಇಲ್ಲಂದ್ರ ಎಲ್ಲಿ ಕೈ ಹಾಕೂದು? ತಲಿ ಕೆಟ್ಟು ಹೋತು ನಂಗ.

ಅವತ್ತು ಭರ್ತಿ ಮಧ್ಯಾಹ್ನ. ಎಲ್ಲಾ ತಿರುಗಿ ಜೋಡಿಸಿ, ಮಾಮಾನ್ನ ಸೀಟಿನ ಮ್ಯಾಲ ಕುಂಡ್ರಿಸಿ, ಗಾಡಿ ನಿಂತಲ್ಲೇ ಚಾಲೂ ಮಾಡಿಸಿದೆ. ಉದ್ದನ್ನ ಸ್ಕ್ರೂಡ್ರೈವರ್ ತುದಿ ಬ್ಲಾಕಿಗೆ ಒತ್ತಿ, ಕಟಿಗಿ ಹಿಡಿಕಿ ಕಿವಿಗೆ ಹಚ್ಚಿದೆ. ಒಳಗಿನ ಸಪ್ಪಳಾ ಹಿಡಿಯಾಕ ನಮ್ಮ ಎಲ್ಲಾ ಮಿಸ್ತ್ರಿಗಳೂ ಮಾಡೂದು ಹಿಂಗ. ಇಂಜಿನ್ ಸಾಫ್ ನಡದಿತ್ತು. ಅದರ ಕೆಳಗ ಇನ್ನೊಂದು ಬಡಿತ ಇತ್ತು.

"ರೇಸ್ ಮಾಡು" ಅಂದೆ.

ಇಂಜಿನ್ ಒದರಿತು. ಆ ಬಡಿತ ಮಾತ್ರ ಏರಲಿಲ್ಲ. ಇಂಜಿನ್ನಿಂದು ಏನ ಸಪ್ಪಳಾ ಇದ್ರೂ ಇಂಜಿನ್ ಓಡಿದಂಗ ಓಡಬೇಕು, ಇದು ಈ ಕಸಬಿನ ಮೊದಲನೇ ಪಾಠ. ಇದು ತನ್ನ ಪಾಡಿಗೆ ತಾ ಧಪ್, ಧಪ್ ಅಂತಿತ್ತು. ನಡುವ ಒಂದು ತಪ್ಪತಿತ್ತು, ಆಮ್ಯಾಲ ಎರಡು ಕೂಡೇ ಬರತಿದ್ದುವು.

"ಬಂದ್ ಮಾಡು ಮಾಮಾ" ಅಂತ ಒದರಿದೆ. ಬಂದ್ ಮಾಡಿದ. ಇಂಜಿನ್ ನಿಂತು ಹೋತು. ಬಡಿತ ನಿಲ್ಲಲಿಲ್ಲ. ಖರೇ ಹೇಳತೀನಿ, ಸತ್ತ ಇಂಜಿನ್ನಿಗೆ ಕಿವಿ ಹಚ್ಚಿಕೊಂಡು ನಾ ಅದನ್ನ ಕೇಳಿದೆ. ಬೆಂವರು ಕಣ್ಣಾಗ ಇಳೀತು. ಮಾಮಾ ಬಾಗಲಾ ತಗದು ಕೆಳಗ ಕಾಲಿಟ್ಟ, ಸ್ಕ್ರೂಡ್ರೈವರಿನ್ಯಾಗ ಎಲ್ಲಾ ಸುಮ್ಮನಾತು.

"ಏನಾಗೈತೋ ಅದಕ್ಕ?" ಅಂದ. ಮಾರಿ ಬಾಡಿತ್ತು, ಬಿಸಲಿಗೆ ಅನಕೊಂಡೆ.

"ತಿಳೀವಲ್ದು. ಗಾಡಿ ಇಲ್ಲೇ ಇರಲಿ, ನಾಳೆ ಮತ್ತ ಇಂಜಿನ್ ಇಳಸ್ತೀನಿ. ನೀ ಬಸ್ಸಿಗೆ ಹೋಗು" ಅಂದೆ.

ಮರುದಿನ ಮುಂಜಾನೆ ನಾ ಇಂಜಿನ್ ಬೋಲ್ಟ್ ಬಿಚ್ಚಾಕತ್ತಿದ್ದೆ, ಅಸೂಟಿಯಿಂದ ಸುದ್ದಿ ಬಂತು. ಚಾ ಕುಡಕೋತ ಕುಂತಿದ್ದಾಂವ ಹಂಗ ವಾಲಿದ್ನಂತ. ರೋಣದ ದವಾಖಾನಿಗೆ ತರೂದ್ರಾಗ ಮುಗದಿತ್ತು. ಹಾರ್ಟ್ ಅಂದ್ರು ಡಾಕ್ಟರು. ಮೊದಲ ಏನರ ತ್ರಾಸ ಅಂತಿದ್ರೇನು ಅಂತ ಅಕ್ಕನ್ನ ಕೇಳಿದ್ರು.

"ಇಲ್ರೀ ಸಾಹೇಬ್ರ. ಗಾಡಿ ಬಡ್ಯಾಕತ್ತೈತಿ ಅಂತಿದ್ರು, ಅಷ್ಟ" ಅಂದ್ಲು ಅಕ್ಕ.

ಮಣ್ಣು ಕೊಟ್ಟು ಬಂದು ಎಷ್ಟೋ ದಿನದ ಮ್ಯಾಲ ಅಕ್ಕನ ಆ ಮಾತು ತಗದ್ಲು. "ಅವ್ರು ಗಾಡಿ ಅಂದಿದ್ದಿಲ್ಲೋ ತಮ್ಮಾ. ಒಳಗ ಬಡ್ಯಾಕತ್ತೈತಿ ಅಂದ್ರು. ಗಾಡಿ ಅಂತ ಅನಕೊಂಡಾಕಿ ನಾ. ನನ್ನ ತಮ್ಮಗ ತೋರಸ್ರಿ, ಬಿಚ್ಚಿ ನೋಡತಾನ ಅಂತ ನಾನ ಕಳಿಸಿದೆ."

ನೆನಸಿಕೊಂಡ್ರ ನನ್ನ ಮುಂದೂ ಅವ ಒಮ್ಮೆರ ಇಂಜಿನ್ ಅಂತ ಬಾಯಿ ಬಿಟ್ಟು ಹೇಳಿದ್ದಿಲ್ಲ. ಎದಿನೂ ಬಡೀತೈತಿ, ಇಂಜಿನ್ನೂ ಬಡೀತೈತಿ, ಎರಡಕ್ಕೂ ನಮ್ಮಲ್ಲೆ ಒಂದ ಮಾತು. ತಾ ಯಾವುದನ್ನ ಹೇಳಾಕತ್ತೀನಿ ಅಂತ ಅವಂಗರ ಗೊತ್ತಿತ್ತೋ ಇಲ್ಲೋ. ಡ್ರೈವರ್ ಮನಷ್ಯಾ, ಸಪ್ಪಳಾ ಬಂತಂದ್ರ ಗಾಡೀದ ಅನಕೊಂಡಿರಬೇಕು. ಹಾಳಾದ ಮಾತು! ಮನಷ್ಯಾನ್ನ ಬಸ್ ಹತ್ತಿಸಿ ಮನಿಗೆ ಕಳಿಸಿ, ಗಾಡಿ ರಿಪೇರಿಗೆ ಇಟಗೊಂಡೆ ನಾ.

ಅಷ್ಟ ಆಗಿದ್ರ ಇದು ಬರೇ ದುಃಖದ ಕಥಿ ಆಗತಿತ್ತು. ಆದ್ರ ಅವನ ಎದಿ ಬಡಿತ ನನ್ನ ಕಿವಿಗೆ ಬ್ಲಾಕಿನ್ಯಾಗಿಂದ ಹ್ಯಾಂಗ ಬಂತು? ಸೀಟಿನಿಂದ ಗಾಡಿ ಕಬ್ಬಿಣದ ಗುಂಟ ಇಳದು ಬಂದಿರಬೇಕು ಅಂತ ತಿಳದಾವ್ರು ಹೇಳ್ಯಾರ. ಇಂಜಿನ್ ಕುಂಡ್ರೂದು ದಪ್ಪ ರಬ್ಬರಿನ ಮ್ಯಾಲ, ಅದು ಸಣ್ಣ ಬಡಿತ ದಾಟಗೊಡೂದಿಲ್ಲ ಅನ್ನೂದು ಅವ್ರಿಗೆ ಗೊತ್ತಿಲ್ಲ. ಇಂಜಿನ್ ಬೋಲ್ಟ್ ತಿರುಗಿ ಬಿಗದು, ರಾಜೂರಿನ ಒಬ್ಬ ಭಾರೀ ಆಳನ್ನ ಅದ ಸೀಟಿನ ಮ್ಯಾಲ ಕುಂಡ್ರಿಸಿ ಕೇಳಿದೆ, ಏನೂ ಕೇಳಲಿಲ್ಲ. ಇಷ್ಟ ವರ್ಷ ಆತು, ಇವತ್ತಿಗೂ ನನ್ನ ಲೆಕ್ಕಕ್ಕ ಸಿಗವಲ್ದು. ಯಾರೋ ನನ್ನ ಕೈಯಾಗ ಉತ್ತರ ಕೊಟ್ಟು, ಓದಾಕ ಬಾರದಂಗ ಮಾಡಿದ್ರು ಅನಸ್ತೈತಿ.

ಆ ಮಧ್ಯಾಹ್ನದ ಸಂಗತಿ ಅಕ್ಕಗ ಹೇಳಬಾರದಿತ್ತು, ಹೇಳಿದೆ. ಮರುದಿನನ ಗ್ಯಾರೇಜಿಗೆ ಬಂದ್ಲು. ಜೀಪು ಹತ್ತಿ ಮಾಮಾನ ಜಾಗಾದಾಗ ಕುಂತು, ಚಾಲೂ ಮಾಡು ಅಂದ್ಲು. ಬ್ಯಾಡಕ್ಕಾ ಅಂದೆ, ಕೇಳಲಿಲ್ಲ. ಚಾಲೂ ಮಾಡಿ ಬ್ಲಾಕಿಗೆ ಕಿವಿ ಕೊಟ್ಟೆ.

"ಐತೇನೋ?"

"ಇಲ್ಲಕ್ಕಾ."

"ಬಂದ್ ಮಾಡಿ ಕೇಳು."

ಬಂದ್ ಮಾಡಿ ಕೇಳಿದೆ. ಅಕ್ಕ ನನ್ನ ಮಾರಿ ನೋಡಕೋತ ಕುಂತಿದ್ಲು. ಒಂದ ಸಲ ಕೇಳಿಸ್ತು ಅಂದಿದ್ರ ಆಕಿಗೆ ಅಷ್ಟ ಸಾಕಾಗತಿತ್ತು, ನಾ ಇಲ್ಲ ಅಂತ ಗೋಣ ಅಲ್ಲಾಡಿಸಿದೆ. ಆಕಿನ ಇಳದು ಬಂದು, ಸೆರಗು ಸರಿಸಿ, ಬಿಸಿ ಬ್ಲಾಕಿಗೆ ಹೊಂದಿಸಿ ಕಿವಿ ಇಟ್ಲು. ಭಾಳೊತ್ತು ಹಂಗ ಬಾಗಿ ನಿಂತ್ಲು. ಸುಡತೈತಿ ಏಳಕ್ಕಾ ಅಂದ್ರೂ ಏಳಲಿಲ್ಲ.

"ಏನೂ ಇಲ್ಲಲ್ಲೋ" ಅಂದ್ಲು ಕಡೀಕ. "ಇಂಜಿನ್ ಇಷ್ಟು ಚಲೋ ಯಾಕ ಕಟ್ಟಿದ್ಯೋ ತಮ್ಮಾ?"