ಸುಮತಿಬಾಯಿಯವರು ಹೇಳಿ ಬರೆಸಿದ ಪುಟಗಳು

ಗುರುನಾಥರಾಯರೇ, ನಿಮ್ಮ ಹೆಂಡತಿ ಹೇಳಿ ಬರೆಸಿದ ಪುಟಗಳನ್ನು ಅಳಿಸಿದವನು ನಾನು. ಉಳಿಸಬಹುದೆಂದು ಗೊತ್ತಿದ್ದೂ ಅಳಿಸಿದೆ. ಆರು ವರ್ಷವಾಯಿತು.

ನಾರಾಯಣಗೂಡದ ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ನೀವೊಬ್ಬರೇ ನೋಡಿಕೊಳ್ಳುತ್ತಿದ್ದಿರಿ. ಕಣ್ಣು ಮಂಜಾಗಿದ್ದ ಸುಮತಿಬಾಯಿಯವರು ಬೀದರಿನಿಂದ ಮದುವೆಯಾಗಿ ಈ ತೆಲುಗು ನಾಡಿಗೆ ಬಂದ ದಿನಗಳನ್ನು ಹೇಳುತ್ತಿದ್ದರು, ನೀವು ನೇರವಾಗಿ ಅದರಲ್ಲೇ ಟೈಪ್ ಮಾಡುತ್ತಿದ್ದಿರಿ. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಅವರು ತೀರಿಹೋದ ಮೇಲೆ ನಿಮಗೆ ಉಳಿದದ್ದು ಅದೊಂದೇ.

ಹಳೆಯ ವ್ಯವಸ್ಥೆ ಕುಂಟುತ್ತಿತ್ತು, ನಿಜ. ಇಟ್ಟುಕೊಳ್ಳಬೇಕೋ ಬದಲಿಸಬೇಕೋ ಎಂದು ಸಂಘದವರು ನನ್ನನ್ನು ಕೇಳಿದರು — ಮೈಸೂರಿನ ಹುಡುಗ, ಸಾಫ್ಟ್‌ವೇರಿನವನು, ಬಲ್ಲವನು ಎಂದು. ಹಿಂದೊಮ್ಮೆ ನಾನು ಇದೇ ಮಾತೆತ್ತಿದಾಗ, "ಇದಕ್ಕೇನ್ ಧಾಡಿ ಆಗೇತ್ರಿ?" ಎಂದು ನೀವು ಎಲ್ಲರೆದುರು ನಕ್ಕಿದ್ದಿರಿ. ಅಷ್ಟೇ. ಅಷ್ಟಕ್ಕೇ ನಾನು —

ಸಭೆಯಲ್ಲಿ ಬೇಕೆಂದೇ ಸುಮತಿಬಾಯಿಯವರ ಪುಟವನ್ನು ಪರದೆಯ ಮೇಲೆ ತೆರೆದೆ. ನೀವು ಬಳಸಿದ ಹಳೆಯ ಫಾಂಟ್ ನನ್ನ ಲ್ಯಾಪ್‌ಟಾಪಿನಲ್ಲಿರಲಿಲ್ಲ. ಅದಿಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಫಾಂಟ್ ಹಾಕಲು ಎರಡು ನಿಮಿಷ, ಎಲ್ಲವನ್ನೂ ಹೊಸ ವ್ಯವಸ್ಥೆಗೆ ತರಲು ಎರಡು ದಿನ ಸಾಕಿತ್ತು. ಪರದೆಯ ಮೇಲಿನ ಕಸ ನೋಡಿ ಜನ ನಕ್ಕರು.

"ನಮ್ಮ ಮನ್ಯಾಗ ಛಲೋ ಕಾಣಸ್ತಾವಲ್ಲರಿ," ಎಂದಿರಿ.

"ನಿಮ್ಮ ಕಂಪ್ಯೂಟರ್ ತಪ್ಪು ಮುಚ್ಚಿಡ್ತಿದೆ ಸರ್. ಟೈಪಿಂಗೇ ಕೆಟ್ಟಿದೆ. ಇದನ್ನ ಉಳಿಸೋಕಾಗಲ್ಲ," ಎಂದು ಸುಳ್ಳು ಹೇಳಿದೆ.

"ಜಾನೇ ದೋ, ಹೋಗ್ಲಿ ಬಿಡ್ರಿ ರಾಯರ, ಹೊಸಾದು ಮಾಡ್ಸೋಣು," ಎಂದರು ಅಧ್ಯಕ್ಷರು. ಆ ಭಾನುವಾರವೇ ಹಳೆಯದನ್ನು ಅಳಿಸಿದೆ — ಒಂದು ಪ್ರತಿಯನ್ನೂ ಇಡದೆ.

ವಾರದ ಮೇಲೆ ನಾಚಾರಂನ ನಿಮ್ಮ ಮನೆಯಿಂದ ಎರಡು ಬಸ್ ಬದಲಿಸಿ ನನ್ನ ಮನೆಗೆ ಬಂದಿರಿ. ಜಗಳಕ್ಕೆ ಬಂದಿರೆಂದುಕೊಂಡೆ. ನೀವು ಕುರ್ಚಿಯ ತುದಿಯಲ್ಲಿ ಕೂತು ಕೇಳಿದಿರಿ: "ಅಕಿ ಸರೀನ ಹೇಳಿದ್ಲು ತಮ್ಮಾ. ನಾನಽ ತಪ್ಪು ಒತ್ತಿರಬೇಕು, ಅಲ್ಲ?"

"ಇರಬಹುದು" ಎಂದೆ. ನಿಮ್ಮ ಮುಖ ಇಳಿದದ್ದು ನೋಡಿ ನನಗೆ ಖುಷಿಯಾಯಿತು — ಅದನ್ನೂ ಇಲ್ಲಿ ಬರೆಯಲೇಬೇಕು.

ಪುಟಗಳು ಮರಳಿ ಬರುವುದಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ನೀವು ಅಂದಿನಿಂದ ಕಂಪ್ಯೂಟರ್ ಮುಟ್ಟಿಲ್ಲವಂತೆ. ಹೆಂಡತಿಯ ಮಾತು ಕೆಡಿಸಿದ ಕೈ ಇದು ಎನ್ನುತ್ತೀರಂತೆ. ನಾಳೆ ಈ ಕಾಗದ ಹಿಡಿದು ನಾನೇ ನಿಮ್ಮ ಬಾಗಿಲಿಗೆ ಬರುತ್ತೇನೆ. ರಾಯರೇ, ನೀವು ಒಂದಕ್ಷರವನ್ನೂ ತಪ್ಪು ಒತ್ತಿರಲಿಲ್ಲ.