ಚೀಟಿ ಕಳಿಸಿದವಳು ಹೈದರಾಬಾದಿಗೆ ಹೋದದ್ದು

ಕಲಬುರಗಿಯಿಂದ ಸಿಕಂದರಾಬಾದಿಗೆ ಹೋಗುವ ಬೆಳಗಿನ ರೈಲು ಆ ಶುಕ್ರವಾರ ನಲವತ್ತು ನಿಮಿಷ ತಡವಾಗಿತ್ತು. ಅಷ್ಟೂ ಹೊತ್ತು ನಾನು ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಲೇ ಇದ್ದೆ. ಕೂತು ಕಾಯುವುದು ನನಗೆ ಹುಟ್ಟಿನಿಂದಲೂ ಬಾರದ ವಿದ್ಯೆ. ಕೈಯಲ್ಲಿದ್ದ ಚೀಲದಲ್ಲಿ ಎರಡು ದಿನದ ಬಟ್ಟೆ, ಜರಿಯಂಚಿನ ಒಂದು ಶಾಲು, ಗಾಜಿನ ಒಂದು ಸ್ಮರಣಿಕೆ ಮತ್ತು ನಮ್ಮ ಸಂಘದ ಮುಖ್ಯ ಕಚೇರಿಯಿಂದ ಬಂದಿದ್ದ ಪತ್ರ ಇದ್ದವು.

ಆ ಪತ್ರವೇ ನನ್ನನ್ನು ರೈಲು ಹತ್ತಿಸಿದ್ದು. ನಾನು ಕಲಬುರಗಿಯಲ್ಲಿ ಕುಡಿಯುವ ನೀರಿನ ಪೈಪ್‌ಲೈನುಗಳ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿ ನಡೆಸುತ್ತೇನೆ. ನೀರು ಸರಬರಾಜಿನ ಎಂಜಿನಿಯರುಗಳದೊಂದು ಸಂಘವಿದೆ. ಅದರ ಕಲಬುರಗಿ ಶಾಖೆಗೆ ಕಾರ್ಯದರ್ಶಿ ನಾನು. ವರ್ಷಕ್ಕೆ ಒಂದಾದರೂ ತಾಂತ್ರಿಕ ಕಾರ್ಯಕ್ರಮ ಮಾಡದ ಶಾಖೆಯನ್ನು ಪಕ್ಕದ ಊರಿನ ಶಾಖೆಗೆ ಸೇರಿಸಿಬಿಡುವುದು ಸಂಘದ ನಿಯಮ. ನಾವು ಮೂರು ಬಾರಿ ದಿನ ಗೊತ್ತು ಮಾಡಿ ಮೂರು ಬಾರಿಯೂ ಕೈಬಿಟ್ಟಿದ್ದೆವು. ಈ ತಿಂಗಳು ಮುಗಿಯುವುದರೊಳಗೆ ಏನಾದರೂ ಮಾಡದಿದ್ದರೆ ನಮ್ಮ ಶಾಖೆ ಹೈದರಾಬಾದಿನ ಬಾಲವಾಗುತ್ತಿತ್ತು. ಒಬ್ಬ ಎಂಜಿನಿಯರು ಇನ್ನೊಬ್ಬರನ್ನು ‘ಇದು ನನಗೆ ತಿಳಿಯಲೊಲ್ಲದು, ನಿಮಗೇನಾದರೂ ಗೊತ್ತೇ’ ಎಂದು ಕೇಳಬಹುದಾದ ಜಾಗ ನಮ್ಮೂರಲ್ಲಿ ಅದೊಂದೇ. ಅಲ್ಲಿ ಯಾರೂ ಹಾಗೆ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು. ಆದರೂ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಸದಸ್ಯರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು. ದಿಗಂಬರರಾಯರು ಮಾತಾಡುವುದಾದರೆ ಬರುತ್ತೇವೆ, ಇಲ್ಲವಾದರೆ ಇಲ್ಲ. ದಿಗಂಬರರಾಯರು ಹೈದರಾಬಾದಿನವರು. ಪೈಪ್ ಯಾಕೆ ಒಡೆಯುತ್ತದೆ ಎನ್ನುವುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ನಾನು ನಾಲ್ಕು ಸಲ ಫೋನ್ ಮಾಡಿದ್ದೆ. ನಾಲ್ಕು ಸಲವೂ ‘ಆಗಂಗಿಲ್ರಿ’ ಎಂದು ಇಟ್ಟುಬಿಟ್ಟಿದ್ದರು. ಎದುರಿಗೇ ಹೋಗಿ ಕೇಳಿದರೆ ಇಲ್ಲವೆನ್ನಲಾರರು ಎಂಬ ಹುಂಬ ಧೈರ್ಯದಿಂದ ಹೊರಟಿದ್ದೆ.

ವಾಡಿಯಲ್ಲಿ ಇಳಿದು ಚಹಾ ಕುಡಿದೆ, ತಾಂಡೂರಿನಲ್ಲಿ ಇಳಿದು ನೀರಿನ ಬಾಟಲಿ ಕೊಂಡೆ, ವಿಕಾರಾಬಾದಿನಲ್ಲಿ ಕೆಲಸವಿಲ್ಲದೆಯೂ ಇಳಿದೆ. ಪಕ್ಕದ ಸೀಟಿನ ಅಜ್ಜಿ ನನ್ನ ಚೀಲದ ಮೇಲೆ ಕಾಲಿಟ್ಟುಕೊಂಡು, “ಕುಂದ್ರವಾ ತಂಗಿ, ನೀ ಇಳದ್ರ ರೈಲೇನು ಜೋರ ಓಡ್ತದೇನು?” ಎಂದು ನಕ್ಕರು. ಬಾಗಿಲಲ್ಲಿ ನಿಂತರೆ ಬಿಸಿಲು ಮುಖಕ್ಕೆ ರಾಚುತ್ತಿತ್ತು. ಸಿಕಂದರಾಬಾದ್ ಸೇರಿದಾಗ ಒಂದು ಗಂಟೆ ದಾಟಿತ್ತು. ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಮುಖ ತೊಳೆದು, ಊಟವನ್ನೂ ಮಾಡದೆ ಮೆಟ್ರೋ ಹಿಡಿದು ರಾಯದುರ್ಗಕ್ಕೆ ಹೋದೆ. ಅಲ್ಲಿಂದ ಮಣಿಕೊಂಡಕ್ಕೆ ಆಟೋದವನು ಇನ್ನೂರು ಎಂದ. ನಾನು ನೂರೈವತ್ತು ಎಂದು ಹೇಳುತ್ತಲೇ ಹತ್ತಿ ಕೂತೆ.

ರಾಯರ ಫ್ಲ್ಯಾಟು ನಾಲ್ಕನೇ ಮಹಡಿ. ಲಿಫ್ಟ್ ಕೆಳಗೆ ಬರುವವರೆಗೆ ನಿಲ್ಲಲಾರದೆ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಅದು ಗಾಳಿಗೆ ಮುಚ್ಚದಂತೆ ಅಡ್ಡ ಇಟ್ಟಿದ್ದು ಒಂದು ಮೊಳದ ಕಬ್ಬಿಣದ ಪೈಪಿನ ತುಂಡು. ಉದ್ದಕ್ಕೂ ಸೀಳಿ, ಅಂಚು ಹೊರಕ್ಕೆ ಬಾಗಿತ್ತು. ಅದನ್ನು ನೋಡುತ್ತಲೇ ನನ್ನ ಧೈರ್ಯ ಅರ್ಧ ಇಳಿಯಿತು. ಆ ತುಂಡನ್ನು ನಾನು ಮೊದಲೂ ನೋಡಿದ್ದೆ.

ಆರು ವರ್ಷದ ಹಿಂದೆ ನಾವು ಅವರನ್ನು ಕಲಬುರಗಿಗೆ ಕರೆಸಿದ್ದೆವು. ಅದೇ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ಹೊತ್ತು ತಂದಿದ್ದರು. ನಿಲ್ದಾಣದಲ್ಲಿ ನನಗೊಮ್ಮೆ ಬಿಚ್ಚಿ ತೋರಿಸಿ ಮತ್ತೆ ಕಟ್ಟಿದ್ದರು. ಕಾರ್ಯಕ್ರಮದ ನಿರೂಪಣೆ ನನ್ನದು. ಪ್ರಾರ್ಥನೆ ಆಯಿತು, ದೀಪ ಬೆಳಗಿಸಿದ್ದಾಯಿತು, ವೇದಿಕೆಯ ಮೇಲಿನ ಹನ್ನೊಂದು ಜನಕ್ಕೂ ಹೂಗುಚ್ಛ, ಶಾಲು, ಪರಿಚಯ ಆದವು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ರಾಯರು ಎದ್ದು ನಿಂತು ಎರಡು ಚಿತ್ರ ತೋರಿಸಿದ್ದರಷ್ಟೇ. ಮುಖ್ಯ ಅತಿಥಿಗಳಿಗೆ ಇನ್ನೊಂದು ಸಮಾರಂಭಕ್ಕೆ ಹೊತ್ತಾಗುತ್ತಿತ್ತು. ನಾನು ರಾಯರಿಗೆ ಒಂದು ಚೀಟಿ ಬರೆದು ಕಳಿಸಿದೆ: ‘ದಯವಿಟ್ಟು ಎರಡು ನಿಮಿಷದಲ್ಲಿ ಮುಗಿಸಿ.’ ಅವರು ಓದಿದರು, ನಮಸ್ಕಾರ ಎಂದು ಕೂತರು. ವೇದಿಕೆಯ ಮೇಲೆ ಗೋಣಿಚೀಲದ ಗಂಟು ಬಿಚ್ಚಲೇ ಇಲ್ಲ. ಸ್ಮರಣಿಕೆ ಕೊಟ್ಟು ಕಳಿಸಿದೆವು.

ರಾಯರು ಒಳಗಿನಿಂದ ಬಂದು, ಕನ್ನಡಕ ಹಣೆಗೇರಿಸಿ ನೋಡಿದರು. “ಬರ್ರಿ ಸುನಂದಾಬಾಯಿ. ಕುಂದ್ರಿ. ಊಟ ಆಗಿಲ್ಲ ಅನಸ್ತದ ಮುಖ ನೋಡಿದ್ರ.” ಅವರ ಅಜ್ಜನ ಕಾಲಕ್ಕೇ ಬೀದರ್ ಕಡೆಯಿಂದ ಬಂದ ಮನೆತನ, ಹೊರಗೆ ತೆಲುಗು, ಹಿಂದಿ, ಒಳಗೆ ಇದೇ ಕನ್ನಡ. ಕೆಳಗಿನ ಬೀದಿಯಲ್ಲಿ ಒಲೆಯಿಟ್ಟುಕೊಂಡು ಜೋಳದ ರೊಟ್ಟಿ ಬಡಿಯುವ ಹೆಂಗಸಿನ ಹತ್ತಿರ ನಾಲ್ಕು ಬಿಸಿ ರೊಟ್ಟಿ ತರಿಸಿ, ಮನೆಯ ಪುಂಡಿಪಲ್ಯದ ಜೊತೆ ಇಟ್ಟರು. ನಾನು ರೊಟ್ಟಿ ಮುರಿಯುತ್ತಲೇ ಶಾಲು, ಸ್ಮರಣಿಕೆ ತೆಗೆದು ಟೀಪಾಯಿಯ ಮೇಲಿಟ್ಟೆ. ಪತ್ರ ತೋರಿಸಿದೆ. ಶಾಖೆ ಹೋಗಿಬಿಡುತ್ತದೆ, ನೀವೊಬ್ಬರು ಬಂದರೆ ಉಳಿಯುತ್ತದೆ ಎಂದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ.

“ಶಾಲು ಮನ್ಯಾಗ ಹದಿನಾಕ ಅವ,” ಅಂದರು ರಾಯರು. “ಒಂದರಾಗೂ ನನ್ನ ಮಾತ ಪೂರಾ ಆಗಿಲ್ಲ. ಇನ್ನೊಂದು ಎದಕ್ಕ?”

“ಈ ಸಲ ಹಂಗ ಆಗಂಗಿಲ್ರಿ ಸರ್.”

“ಆಗ್ತದ. ನಿಮಗ ಕಾರ್ಯಕ್ರಮ ಬೇಕಾಗ್ಯದ, ಮಾತ ಬೇಕಾಗಿಲ್ಲ. ಈಗೂ ನೋಡ್ರಿ, ರೊಟ್ಟಿ ತಿನ್ನಾಕತ್ತೀರಿ, ಗಡಿಯಾರ ನೋಡಾಕತ್ತೀರಿ.” ನಾನು ಕೈಗಡಿಯಾರದಿಂದ ಕಣ್ಣು ಕಿತ್ತೆ. ಅವರು ಎದ್ದು ನೀರು ತಂದಿಟ್ಟರು. “ನಾಳೆ ನಾಕಕ್ಕ ಕೋಠಿಗಿ ಬರ್ರಿ. ಅಲ್ಲಿ ನಮ್ಮ ಶಾಖೆದ ಕಾರ್ಯಕ್ರಮ ಐತಿ. ಕೂತು ನೋಡ್ರಿ. ಆದ್ರ ಖಾಲಿ ಕೈಲೆ ಬರಬ್ಯಾಡ್ರಿ. ನೀವ ಮಾಡಿದ ಒಂದು ತಪ್ಪು ತರ್ರಿ. ತಪ್ಪಿಲ್ದವರಿಗಿ ನಮ್ಮಲ್ಲಿ ಒಳಗ ಬಿಡಂಗಿಲ್ಲ.”

ತಮಾಷೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೇ ಲಾಡ್ಜ್ ಬಿಟ್ಟೆ. ನಾಲ್ಕು ಗಂಟೆಯವರೆಗೆ ಮಾಡಲು ಏನೂ ಇರಲಿಲ್ಲ. ಬಸ್ಸಿನಲ್ಲಿ ಕೋಠಿಗೆ ಹೋಗಿ, ಹಳೆ ಪುಸ್ತಕದ ಅಂಗಡಿಗಳ ಮುಂದೆ ಹೋಗುತ್ತ ಬರುತ್ತ ಇದ್ದೆ. ಒಂದು ಪೆಸರಟ್ಟು ತಿಂದೆ, ಎರಡು ಚಹಾ ಕುಡಿದೆ, ಬೇಡದ ಒಂದು ದುಪಟ್ಟಾಕ್ಕೆ ಚೌಕಾಸಿ ಮಾಡಿ ಕೊಳ್ಳದೆ ಬಂದು ಅಂಗಡಿಯವನಿಂದ ಬೈಸಿಕೊಂಡೆ. ತಲೆಯಲ್ಲಿ ಒಂದೇ ಪ್ರಶ್ನೆ, ಯಾವ ತಪ್ಪು ಒಯ್ಯಲಿ? ಒಂದು ತಪ್ಪು ಥಟ್ಟನೆ ನೆನಪಾಗುತ್ತಿತ್ತು. ಅದನ್ನು ಹಿಂದಕ್ಕೆ ತಳ್ಳಿ ಬೇರೆಯದನ್ನು ಹುಡುಕುತ್ತಿದ್ದೆ. ಕೊನೆಗೆ ಚೀಟಿಯದನ್ನೇ ಹೇಳುವುದೆಂದು ಗೊತ್ತುಮಾಡಿಕೊಂಡೆ. ಕ್ಷಮೆ ಕೇಳಿದಂತೆಯೂ ಆಯಿತು, ರಾಯರು ಕರಗಿದಂತೆಯೂ ಆಯಿತು ಎಂದು ಲೆಕ್ಕ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕಾರ್ಯಕ್ರಮವಿದ್ದದ್ದು ಔಷಧಿಯ ಸಗಟು ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಮೆಟ್ಟಿಲ ಮೇಲೆಲ್ಲ ರಟ್ಟಿನ ಪೆಟ್ಟಿಗೆಗಳು, ಟಾನಿಕ್ಕಿನ ವಾಸನೆ. ಒಳಗೆ ವೇದಿಕೆ ಇಲ್ಲ, ಬ್ಯಾನರ್ ಇಲ್ಲ, ಮೈಕಿಲ್ಲ. ಹದಿನೈದು ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಅಲ್ಲಿನ ಕಾರ್ಯದರ್ಶಿ ಶ್ರೀಲತಾ ಎಂಬ ಹೆಣ್ಣುಮಗಳು ನಿಯಮ ಹೇಳಿದಳು. ಪ್ರತಿಯೊಬ್ಬರೂ ತಮ್ಮ ಒಂದು ತಪ್ಪು ಹೇಳಬೇಕು. ಕೇಳುವವರು ‘ಯಾಕೆ ಹಾಗೆ ಮಾಡಿದಿರಿ’ ಎನ್ನುವಂತಿಲ್ಲ. ‘ಹೇಗೆ ಗೊತ್ತಾಯಿತು’ ಎಂದು ಮಾತ್ರ ಕೇಳಬಹುದು. ಇಲ್ಲಿ ಕೇಳಿದ್ದು ಹೊರಗೆ ಹೋದರೂ ಹೆಸರು ಹೋಗಬಾರದು.

ಒಬ್ಬರು ತೆಲುಗಿನಲ್ಲಿ, ಒಬ್ಬರು ಹಿಂದಿಯಲ್ಲಿ ಶುರುಮಾಡಿದರು. ನರೆಗೂದಲಿನ ಒಬ್ಬರು ಪಂಪಿನ ತಂತಿಗಳನ್ನು ಅದಲುಬದಲು ಜೋಡಿಸಿ, ಅದು ಎರಡು ದಿನ ಉಲ್ಟಾ ತಿರುಗಿದ ಕಥೆ ಹೇಳಿದರು. ಶ್ರೀಲತಾ ತಾನು ಹಾಕಿದ ಟ್ಯಾಂಕಿನ ಹೆಚ್ಚುವರಿ ನೀರಿನ ಕೊಳವೆ ಕಾವಲುಗಾರನ ಕೋಣೆಯ ಕಿಟಕಿಗೇ ಸುರಿದದ್ದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ‘ಹೇಗೆ ಗೊತ್ತಾಯಿತು’ ಎಂದು ಕೇಳಿ ಕೇಳಿ ಬರೆದುಕೊಂಡರು. ಒಂದೂವರೆ ಗಂಟೆ ಕಳೆದದ್ದು ನನ್ನ ಗಮನಕ್ಕೇ ಬರಲಿಲ್ಲ. ಗಡಿಯಾರ ನೋಡಿರಲಿಲ್ಲ.

ಎಲ್ಲರದೂ ಆದ ಮೇಲೆ ನನ್ನ ಸರದಿ ಬಂತು. ಚೀಟಿಯ ಕಥೆ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಎಲ್ಲರೂ ರಾಯರ ಕಡೆ ನೋಡಿದರು. ರಾಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಇದು ನಡತೆದ ತಪ್ಪಾತು. ಇದನ್ನ ಮಾಫ್ ಮಾಡೀನಿ,” ಅಂದರು. “ಪೈಪಿಂದು ಹೇಳ್ರಿ. ಪೈಪಿನ ಕೆಲಸ ಮಾಡವ್ರು ನೀವು.”

ಎದ್ದು ಹೋಗಿಬಿಡಲೇ ಎನ್ನಿಸಿತು. ಬಾಗಿಲು ನನ್ನ ಬೆನ್ನಿಗೇ ಇತ್ತು. ಆದರೆ ಹದಿನಾಲ್ಕು ಜನ ತಮ್ಮದನ್ನು ಬಿಚ್ಚಿಟ್ಟು ಕೂತಿದ್ದಾಗ ನಾನೊಬ್ಬಳೇ ಗಂಟು ಕಟ್ಟಿಕೊಂಡು ಹೋಗುವುದು ಹೇಗೆ? ಹೇಳಿದೆ. ಜೇವರ್ಗಿ ಕಡೆಯ ಒಂದು ಹಳ್ಳಿಗೆ ಹಾಕಿದ ಪೈಪ್‌ಲೈನು. ಒಬ್ಬರ ಹೊಲ ತಪ್ಪಿಸಲು ದಾರಿ ಬದಲಾಯಿತು, ಪೈಪು ಒಂದು ದಿಬ್ಬ ಹತ್ತಿ ಇಳಿಯಬೇಕಾಯಿತು. ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ಹೊರಬಿಡಲು ಅಲ್ಲೊಂದು ಏರ್ ವಾಲ್ವ್ ಇರಲೇಬೇಕು. ದಾರಿಯ ನಕ್ಷೆ ತಿದ್ದಿದ ನಾನು ಏರುತಗ್ಗಿನ ನಕ್ಷೆ ತಿದ್ದಲಿಲ್ಲ. ಅವಸರದಲ್ಲಿ ಹಳೆಯದನ್ನೇ ಲಗತ್ತಿಸಿದೆ. ಅದರಲ್ಲಿ ದಿಬ್ಬವೇ ಇರಲಿಲ್ಲ, ವಾಲ್ವೂ ಇರಲಿಲ್ಲ. ಪಂಪು ಚಾಲೂ ಮಾಡಿದ ದಿನವೇ ಪೈಪು ಒಡೆಯಿತು.

“ಹೇಗೆ ಗೊತ್ತಾಯಿತು?” ಎಂದು ಶ್ರೀಲತಾ ಕೇಳಿದಳು.

ಅಂದೇ ಸಂಜೆ ನಕ್ಷೆ ತೆಗೆದು ನೋಡಿದಾಗ ಗೊತ್ತಾಯಿತು ಎಂದೆ.

ರಾಯರು ನಿಯಮ ಮುರಿದು ಇನ್ನೊಂದು ಕೇಳಿದರು. “ಯಾರಿಗಿ ಹೇಳಿದ್ರಿ?”

ಯಾರಿಗೂ ಹೇಳಿರಲಿಲ್ಲ. ಜೋಡಣೆ ಸರಿ ಮಾಡಿಲ್ಲವೆಂದು ಎಲ್ಲರೂ ಗುತ್ತಿಗೆದಾರ ಮಲ್ಲಣ್ಣನ ಮೇಲೆ ಹಾಕಿದರು. ಅವನು ನಾಲ್ಕು ದಿನ ಬಿಸಿಲಲ್ಲಿ ನಿಂತು ತಾನೇ ಪೈಪ್ ಬದಲಿಸಿದ. ನಾನು ಸದ್ದಿಲ್ಲದೆ ಒಂದು ವಾಲ್ವ್ ಸೇರಿಸಿ ಹೊಸ ನಕ್ಷೆ ಕೊಟ್ಟೆ. ಆಮೇಲೆ ಎರಡು ವರ್ಷದಿಂದ ಅವನ ಮುಖ ನೋಡಲಾರದೆ ಅವನನ್ನು ಕೆಲಸಕ್ಕೇ ಕರೆದಿಲ್ಲ. ನರೆಗೂದಲಿನವರು ನನ್ನ ಕಡೆ ನೀರಿನ ಲೋಟ ಸರಿಸಿದರು.

ಚಹಾ ಮುಗಿದ ಮೇಲೆ ಮೆಟ್ಟಿಲ ಹತ್ತಿರ ರಾಯರು ನಿಲ್ಲಿಸಿದರು. “ನಾ ಬರ್ತೀನಿ ಕಲಬುರಗಿಗಿ. ಆದ್ರ ಮೊದಲ ಮಾತು ನಂದಲ್ಲ, ನಿಮ್ದು. ಇಲ್ಲಿ ಏನ ಹೇಳಿದ್ರಿ, ಅದನ್ನ ಅಲ್ಲಿ ನಿಮ್ಮ ಮಂದಿ ಮುಂದ ಹೇಳಬೇಕು.”

“ಊರಾಗ ಹೇಳಿದ್ರ ನನಗ ಯಾರು ಕೆಲಸ ಕೊಡ್ತಾರ್ರಿ ಸರ್?”

“ಅದು ಖರೇನೇ ಐತಿ,” ಅಂದರು. ಸಮಾಧಾನ ಹೇಳಲಿಲ್ಲ. “ವಿಚಾರ ಮಾಡ್ರಿ. ಬ್ಯಾಡಂದ್ರ ಬ್ಯಾಡ. ನಾನೂ ಮನ್ಯಾಗ ಆರಾಮ ಇರ್ತೀನಿ.”

ಭಾನುವಾರ ಬೆಳಿಗ್ಗೆ ನನ್ನ ರೈಲು ಹೊರಡುವ ಮೊದಲು ಅವರು ಸಿಕಂದರಾಬಾದ್ ನಿಲ್ದಾಣಕ್ಕೇ ಬಂದರು. ಒಂದು ಕೈಯಲ್ಲಿ ನಾನು ಬಿಟ್ಟು ಬಂದಿದ್ದ ಶಾಲು, ಇನ್ನೊಂದರಲ್ಲಿ ಅದೇ ಗೋಣಿಚೀಲ. “ಹೋದ ಸಲ ನಾ ಹೊತ್ತಿದ್ದೆ. ಈ ಸಲ ನೀವ ಒಯ್ರಿ. ಕಾರ್ಯಕ್ರಮ ಆಗಲಿಲ್ಲಂದ್ರ ವಾಪಸ್ ಕಳಸ್ರಿ, ನಮ್ಮ ಬಾಗಿಲಾ ಬಡ್ಕೊಳ್ತದ,” ಎಂದು ನನ್ನ ಸೀಟಿನ ಕೆಳಗೆ ಸರಿಸಿದರು. ಹತ್ತು ಕಿಲೋ ಇದ್ದಿರಬೇಕು. ರೈಲು ಹೊರಟಾಗ ಹಿಂತಿರುಗಿ ನೋಡಿದೆ. ಅವರು ಕೈ ಬೀಸಲಿಲ್ಲ, ಆಗಲೇ ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಿದ್ದರು.

ಲಿಂಗಂಪಲ್ಲಿ ದಾಟಿದ ಮೇಲೆ ಪೈಪಿನ ತುಂಡು ಉರುಳಿ ಎದುರಿನವರ ಕಾಲಿಗೆ ತಗಲಿತು. ಅದನ್ನು ಶಾಲಿನಲ್ಲಿ ಬಿಗಿಯಾಗಿ ಸುತ್ತಿ ಪಕ್ಕದಲ್ಲೇ ಇಟ್ಟುಕೊಂಡೆ. ಜರಿಯಂಚು ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಫೋನಿನಲ್ಲಿ ಆಮಂತ್ರಣ ಬರೆಯಲು ಶುರುಮಾಡಿದೆ. ಬೆರಳು ರೂಢಿಯಂತೆ ‘ಉದ್ಘಾಟನೆ’ ಎಂದು ಬರೆದುಬಿಟ್ಟಿತ್ತು, ಅಳಿಸಿದೆ. ‘ಮೊದಲ ಮಾತು: ಸುನಂದಾ. ವಿಷಯ: ನಾನು ಬಿಟ್ಟ ವಾಲ್ವ್’ ಎಂದು ಬರೆದು, ಕಳಿಸದೆ ಎದ್ದೆ. ಬಾಗಿಲಿಗೆ ಹೋದೆ, ಬಂದೆ. ತಾಂಡೂರಿನಲ್ಲಿ ಇಳಿದೆ, ಹತ್ತಿದೆ. ಸೇಡಂ ಹೊತ್ತಿಗೆ ಕಳಿಸಿದೆ. ಐದು ನಿಮಿಷದಲ್ಲಿ ನಮ್ಮ ಅಧ್ಯಕ್ಷರ ಉತ್ತರ ಬಂತು. ‘ದೀಪ ಯಾರು ಹಚ್ಚೋದು?’ ಎಂದು ಕೇಳಿದ್ದರು.

ಆಮಂತ್ರಣ ಸದಸ್ಯರೆಲ್ಲರಿಗೂ ಹೋಗಿತ್ತು. ಒಬ್ಬನಿಗೆ ಮಾತ್ರ ಹೋಗಿರಲಿಲ್ಲ, ಅವನು ನಮ್ಮ ಸದಸ್ಯನಲ್ಲ. ಉಳಿದವರ ಬಾಯಿಂದ ಕೇಳುವ ಮೊದಲು ಅವನು ನನ್ನಿಂದಲೇ ಕೇಳಬೇಕಿತ್ತು. ಚಿತ್ತಾಪುರ ದಾಟುವಾಗ ಬಾಗಿಲ ಹತ್ತಿರ ನಿಂತು ಮಲ್ಲಣ್ಣನ ನಂಬರ್ ಒತ್ತಿದೆ. ಎತ್ತಲಾರ ಎಂದುಕೊಂಡಿದ್ದೆ. ಎರಡನೇ ರಿಂಗಿಗೇ ಎತ್ತಿದ.

“ಯಾಕ್ರಿ ಮೇಡಮ್ಮಾರ, ಪೈಪ್ ಮತ್ತ ಒಡೀತೇನ್ರಿ?” ಅವನ ದನಿಯಲ್ಲಿ ಗಾಬರಿಯಿತ್ತು. “ಎಲ್ಲಿ ಅಂತ ಹೇಳ್ರಿ, ಮಂದೀಗಿ ಕರ್ಕೊಂಡು ಈಗ ಬರ್ತೀನಿ.”

ನಾನು ಸೀಟಿಗೆ ಹೋಗಿ, ಶಾಲು ಸುತ್ತಿದ ತುಂಡಿನ ಪಕ್ಕದಲ್ಲಿ ಕೂತೆ.

“ಇಲ್ಲ ಮಲ್ಲಣ್ಣ, ಒಡದಿಲ್ಲ,” ಎಂದೆ. “ಹೋದ ಸಲ ಒಡೆದದ್ದು ಯಾಕಂತ ನಿಮಗ ಹೇಳಬೇಕಾಗ್ಯದ.”