ಹನುಮವ್ವನ ನಾಲ್ಕು ತಾಸು ಮತ್ತು ಬದಲಾಗದ ಪಟ್ಟಿ

ಹೋದ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸಿಂಧನೂರು ಕಡೆಯ ಹಳ್ಳಿಯೊಂದರಿಂದ ಫೋನ್. (ಊರ ಹೆಸರು ಬೇಡ. ನಾನಿನ್ನೂ ಅದೇ ದಾರಿಯ ಬಸ್ಸು ಹತ್ತಬೇಕು.) ಮಾತಾಡಿದ್ದು ಹನುಮವ್ವ, ಉಪಕಾಲುವೆಯ ಕಟ್ಟಕಡೆಗೆ ಎರಡು ಎಕರೆ ಭತ್ತ ಹಾಕಿದ ಹೆಣ್ಣುಮಗಳು.

“ಸರ, ಹೋದ ವಾರಾನೂ ನೀರು ಬರಲಿಲ್ಲ, ಈ ವಾರಾನೂ ಇಲ್ಲ. ನಿಮ್ಮ ಕಂಪ್ಯೂಟರ್ ನನ್ನ ಪಾಳಿ ತಿಂದೈತೇನ್ರಿ?”

ತಿಂದಿತ್ತು. ತಿನ್ನಿಸಿದವನು ನಾನೇ.

ಲಿಂಗಸುಗೂರಿನಲ್ಲಿ ಕೋಡಿಂಗ್ ಹೇಳಿಕೊಡುವ ನಾನು, ಆ ಊರಿನ ನೀರು ಹಂಚುವ ಸಂಘಕ್ಕೆ ಪುಕ್ಕಟೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದರೊಳಗೊಂದು ಡಿಕ್ಷನರಿ. ಅರ್ಥಕೋಶವಲ್ಲ, ಈ ಕಡೆ ರೈತರ ಹೆಸರು, ಆ ಕಡೆ ಅವರ ಪಾಳಿಯ ವೇಳೆ. ಹನುಮವ್ವ: ಗುರುವಾರ, ಆರರಿಂದ ಹತ್ತು. ಸಂಘದ ಅಧ್ಯಕ್ಷರು “ಇದೊಂದು ವಾರ ಆಕಿ ಪಾಳಿ ನಮ್ಮ ಮಾವಗ ಹಾಕ್ರಿ” ಅಂದರು. ಹಾಕಿದೆ. ಆ ವಾರದ ಪಟ್ಟಿ ಬೇರೆ, ಮೂಲ ಪಟ್ಟಿ ಬೇರೆ ಅಂದುಕೊಂಡಿದ್ದೆ. ಪ್ರೋಗ್ರಾಂಗೆ ಎರಡೂ ಒಂದೇ! ಒಂದು ವಾರದ ದಾಕ್ಷಿಣ್ಯ ಕಾಯಂ ಆಯಿತು.

ಬದಲಾಯಿಸಲಾಗದ ಡಿಕ್ಷನರಿ ಇರುವುದೇ ಇಂಥದ್ದಕ್ಕೆ. ಒಮ್ಮೆ ಬರೆದರೆ ಮುಗಿಯಿತು. ತಿದ್ದಲು ಹೋದರೆ ಪ್ರೋಗ್ರಾಂ ಅಲ್ಲೇ ನಿಂತು ತಕರಾರು ಮಾಡುತ್ತದೆ. ವ್ಯತ್ಯಾಸ ಬೇಕೇ? ನಕಲು ಮಾಡಿಕೊಂಡು ಅದರಲ್ಲಿ ಮಾಡಿ, ಮೂಲ ಹಾಗೇ ಇರುತ್ತದೆ. ಹತ್ತು ಕಡೆ ಬಳಸುವ ಸೆಟ್ಟಿಂಗ್, ಎಲ್ಲರೂ ಒಪ್ಪಿ ಸಹಿ ಹಾಕಿದ ಪಟ್ಟಿ, ಇವಕ್ಕೆಲ್ಲ ಹೇಳಿ ಮಾಡಿಸಿದ್ದು. ಕ್ಲಾಸಿನಲ್ಲಿ ಇದನ್ನೇ ವರ್ಷಗಟ್ಟಲೆ ಒದರಿದ್ದೇನೆ. ನಾಚಿಕೆಯಾಯಿತು.

ಅವತ್ತೇ ಹನುಮವ್ವನ ಪಾಳಿ ವಾಪಸು ಹಾಕಿ, ಮೂಲ ಪಟ್ಟಿಯನ್ನು ಅಂಥ ಡಿಕ್ಷನರಿ ಮಾಡಿದೆ. ಮಸ್ಕಿ ಮೇಲಿಂದ ಬಸ್ಸಿನಲ್ಲಿ ಹೋಗಿ ಸಂಘದ ಕಂಪ್ಯೂಟರಿಗೂ ಹಾಕಿದೆ. ಅಧ್ಯಕ್ಷರು ಮುಖ ಸಿಂಡರಿಸಿದರು.

“ನಾ ಅಧ್ಯಕ್ಷ ಅದೀನ್ರಿ. ನನಗೂ ತಿದ್ದಾಕ ಬರಂಗಿಲ್ಲಂದ್ರ ಇದೆಂಥಾ ಪ್ರೋಗ್ರಾಂ?”

“ಅದಕ್ಕ ಮಾಡೀನ್ರಿ” ಅಂದು ಎದೆಯುಬ್ಬಿಸಿಕೊಂಡು ಬಂದೆ. (ಪೆದ್ದನ ಸಂತೋಷ.)

ಈ ಗುರುವಾರ ಖುದ್ದು ಹನುಮವ್ವನ ಗದ್ದೆಗೆ ಹೋದೆ. ಗಂಟೆ ಒಂಬತ್ತು. ಭತ್ತ ತೆನೆ ಕಟ್ಟುವ ಹೊತ್ತು, ನೆಲ ಮಾತ್ರ ಬಿರುಕು ಬಿಟ್ಟಿತ್ತು. ಪ್ರಿಂಟ್ ತೆಗೆದ ಪಟ್ಟಿ ತೋರಿಸಿದೆ.

“ನೋಡವ್ವಾ, ನಿನ್ನ ಪಾಳಿ ಐತಿ. ಇನ್ನ ಯಾರಿಗೂ ಮುಟ್ಟಾಕ ಬರಂಗಿಲ್ಲ.”

ಅವಳು ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟಳು.

“ಪಟ್ಟಿ ಛಲೋ ಐತ್ರಿ ಸರ. ನೀರು ಬಿಡೋ ತೂಬಿನ ಕೀಲಿ ಅಧ್ಯಕ್ಷರ ಮಾವನ ಕಿಸೆದಾಗ ಐತಿ.”

ಕಲಿತ ವಿದ್ಯೆಯನ್ನೆಲ್ಲ ಸುರಿದು ಒಂದು ಪಟ್ಟಿಯನ್ನು ಕಾಪಾಡಿದೆ. ಅವಳ ನೀರನ್ನು ಕಾಪಾಡಲು ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲಿ?